ಮೇಷ್ಟ್ರ ಇಟಾಲಿಯನ್ ಪಾಠ

ಮೊನ್ನೆ ಮದ್ದೂರಿನಿಂದ ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟಿನವರು ನಶ್ಯದ ಡಬ್ಬಿ ತೆರೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಸೀನಿನ ಜೊತೆಗೆ ಮಳವಳ್ಳಿಯ ನಮ್ಮ ಪಕ್ಕದ ಮನೆ ಮೇಷ್ಟ್ರೂ ನೆನಪಿಗೆ ಬಂದರು...

ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಛಂದಸ್ಸು ಹೇಳಿಕೊಟ್ಟವರು ಅವರು. ಮಗಳು ನರ್ಸಾಗಿ ಇಟಲಿಗೆ ಹೋಗಿ ಅಲ್ಲಿಯವನನ್ನೇ ಮದುವೆಯಾಗಿದ್ದಳು. ಮೊಮ್ಮಗಳಿಗೆ ಕನ್ನಡ ಬಾರದು. ವಿಡಿಯೋ ಕಾಲಿನಲ್ಲಿ ಇಬ್ಬರೂ ಮುಖ ಮುಖ ನೋಡಿಕೊಂಡು ಕೈ ಬೀಸುತ್ತಿದ್ದರು, ಅಷ್ಟೇ.

"ಮಗೀನ್ ಜೊತೆ ನಾನೇ ಮಾತಾಡ್ಬೇಕು ಕಣಮ್ಮ. ನಡುವೆ ಇನ್ನೊಬ್ರು ಯಾಕೆ?" ಎಂದು ಆ ವಯಸ್ಸಿನಲ್ಲಿ ಇಟಾಲಿಯನ್ ಕಲಿಯಲು ಕೂತರು. ಬೀದಿಗೆಲ್ಲ ಅದೇ ತಮಾಷೆ.

ಕೆಂಪು ಗಾರೆ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಕ್ರಿಯಾಪದ ಬರೆದು, ಹಳಗನ್ನಡ ಪದ್ಯಕ್ಕೆ ಹಾಕಿದಂತೆ ಲಘು-ಗುರು ಹಾಕುತ್ತಿದ್ದರು. ಪಾರ್ಲೊ ಅಂದರೆ ಮಾತಾಡುತ್ತೇನೆ, ಉಚ್ಚಾರದ ಒತ್ತು ಮೊದಲ ಅಕ್ಷರಕ್ಕೆ. ಪರ್ಲ್ಯಾಮೊ ಅಂದರೆ ಮಾತಾಡುತ್ತೇವೆ. ಒತ್ತು ಮುಂದಕ್ಕೆ ಸರಿಯುತ್ತದೆ. ಮೇಷ್ಟ್ರು ಮಾತ್ರ ಒತ್ತಕ್ಷರದ ಹಿಂದಿನದು ಗುರು ಎಂದು ಎರಡರಲ್ಲೂ ಮೊದಲ ಅಕ್ಷರವನ್ನೇ ಗುದ್ದುತ್ತಿದ್ದರು. 'ವಾಸಿಸುತ್ತಾರೆ' ಅನ್ನುವ ಅಬಿತನೊ ಬಂದಾಗಲಂತೂ ತಲೆ ಮೇಲೆ ಕೈ ಹೊತ್ತರು.

"ನಾಲ್ಕೂ ಲಘು ಕಣಮ್ಮ! ಭಾರ ಎಲ್ ಮಡಗಾದು?"

ಭಾನುವಾರ ಫೋನು ಹಿಡಿಯುವ ಕೆಲಸ ನನ್ನದು. ಮೊದಲ ಸಲ ಮೇಷ್ಟ್ರು ತಯಾರಿ ಮಾಡಿದ್ದನ್ನೆಲ್ಲ ಒಪ್ಪಿಸಿದರು. ಹುಡುಗಿ ಬಿದ್ದು ಬಿದ್ದು ನಕ್ಕು ಎದ್ದು ಓಡಿಹೋದಳು. ಮೇಷ್ಟ್ರ ಮುಖ ಸಣ್ಣಗಾಯಿತು. ನನಗೆ ಆ ಹುಡುಗಿಯ ಮೇಲೆ ಸಿಟ್ಟೇ ಬಂತು. ಸ್ವಲ್ಪ ಹೊತ್ತಿಗೆ ಅವಳೇ ವಾಪಸ್ಸು ಬಂದು, ಒತ್ತು ಬೀಳುವ ಕಡೆ ಅಂಗೈಯಿಂದ ಮೇಜು ಬಡಿದು ತೋರಿಸಿದಳು. ಮೇಷ್ಟ್ರು ಹಾಗೇ ತೊಡೆ ತಟ್ಟಿಕೊಂಡು ಆ ಮಾತು ಅಂದು ನೋಡಿದರು. ಅವಳು ಅಲ್ಲವೆಂದು ತಲೆಯಾಡಿಸಿದಳು, ಮತ್ತೆ ಬಡಿದಳು.

ಅವತ್ತೇ ಜಗಲಿಯ ಗುರುತುಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿಹಾಕಿದರು. "ಇನ್ಮೇಲೆ ಅವಳೇ ನನ್ ಮೇಷ್ಟ್ರು, ಬುಡು" ಅಂದರು. ಅವಳು ಒಂದು ಮಾತು ಹೇಳಿಕೊಟ್ಟರೆ ಇವರು ಒಂದು ಕನ್ನಡದ ಮಾತು ಹೇಳಿಕೊಡಬೇಕೆಂದು ಒಪ್ಪಂದವಾಯಿತು. ಬರಬರುತ್ತಾ ಇಬ್ಬರೂ ಊಟ, ಸ್ಕೂಲು, ಜಗಳ ಎಲ್ಲ ಹರಟತೊಡಗಿದರು. ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ, ಆದರೂ ಎಷ್ಟು ಸಂತೋಷವಾಗುತ್ತಿತ್ತು...

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಇಟಲಿಗೆ ಹೋಗಿ ಬರುತ್ತೇನೆ ಅಂದದ್ದು ಹಾಗೇ ಉಳಿಯಿತು.

ಈ ಸಲದ ರಜೆಗೆ ಮಗಳೂ ಮೊಮ್ಮಗಳೂ ಬಂದಿದ್ದಾರೆ. ನಿನ್ನೆ ನೋಡಲು ಹೋದೆ. ಏನು ಮಾತಾಡಿಸುವುದೋ ತಿಳಿಯದೆ ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದೆ. ಆ ಹುಡುಗಿ ನನ್ನ ಕೈ ಹಿಡಿದುಕೊಂಡಳು.

"ತಾತ ಇರ್ಬೇಕಿತ್ತು, ಅಲ್ವಾ ಅತ್ತೆ?"

"ಊಂ ಕಣವ್ವ" ಅಂದೆ. ಉಳಿದದ್ದನ್ನೆಲ್ಲ ಅವಳೇ ಮಾತಾಡಿದಳು, ಕನ್ನಡದಲ್ಲೇ.