ತಳ ಕುಟ್ಟಿ ಕೇಳುತ್ತಿದ್ದ ಅಂಬಿಗ

ತೊಂಬತ್ತರ ದಶಕದಲ್ಲಿ ಧುಪದಾಳದ ಬಳಿ ನಮ್ಮನ್ನು ಹೊಳೆ ದಾಟಿಸುತ್ತಿದ್ದ ಅಂಬಿಗನದು ಮಾತು ಕಡಿಮೆ. ಅವನಿಗಿದ್ದ ಒಂದೇ ಫೈಬರ್ ದೋಣಿ ಪ್ರತಿ ಸಲ ದಡದ ಕಲ್ಲಿಗೆ ಬಡಿಯುತ್ತಿತ್ತು. ಮೇಲೆ ಗೆರೆಯೂ ಮೂಡುತ್ತಿರಲಿಲ್ಲ. ಆದರೂ ಹೊರಡುವ ಮುಂಚೆ ತಳವನ್ನು ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು, "ಪೆಟ್ಟೆಲ್ಲಾ ಒಳಗ ಕೂಡತಾವ್ರಿ" ಎನ್ನುತ್ತಿದ್ದ.

ಹೊಳೆ ತುಂಬಿದ್ದ ಒಂದು ದಿನ ಮದುವೆ ದಿಬ್ಬಣ ಬಂದು ನಿಂತಿತು. ಅವನು ಕುಟ್ಟಿದ. ತಳ ಎಂದಿನಂತೆ ಟಣ್ ಎನ್ನದೆ ದಬ್ ಎಂದಿತು.

"ಇವತ್ತ ಆಗಂಗಿಲ್ರಿ" ಎಂದ.

"ಎಲ್ಲೂ ಒಡದಿಲ್ಲಲ್ಲೋ! ಮುಹೂರ್ತ ಮೀರಾಕತ್ತೈತಿ" ಎಂದು ಮದುಮಗಳ ತಂದೆ ಸಿಟ್ಟಿನಿಂದ ತಾವೇ ದೋಣಿ ಹತ್ತಲು ಹೋದರು.

ಅಂಬಿಗ ಅವರನ್ನು ತಡೆದು, ದೋಣಿಯಲ್ಲಿದ್ದ ಕೊಡಲಿಯ ಹಿಂಬದಿಯಿಂದ ತಳಕ್ಕೆ ಒಂದೇ ಏಟು ಹಾಕಿದ. ತಳ ಕುಸಿದು, ಒಳಗೆ ಮೊದಲೇ ಬಿಟ್ಟುಕೊಂಡಿದ್ದ ನಾರಿನ ಪದರಗಳು ಹೊರಬಿದ್ದವು. ತಂದೆ ಮಗಳ ಕೈ ಹಿಡಿದು ಸೇತುವೆಯ ದೂರದ ದಾರಿಗೆ ತಿರುಗಿದರು. ಅವನು ಮೊಣಕಾಲುದ್ದ ನೀರಿನಲ್ಲಿ ನಿಂತು, ಒಡೆದ ದೋಣಿ ಕೊಚ್ಚಿಹೋಗದಂತೆ ಎರಡೂ ಕೈಯಿಂದ ಹಿಡಿದುಕೊಂಡಿದ್ದ.