ಐತವಾರದ ಹರಕೆ

ನಾನು ದೇವರ ಹೆಸರಿನಲ್ಲಿ ಒಂದು ಸುಳ್ಳು ಹೇಳಿದ್ದೇನೆ. ಹೇಳಿ ಹತ್ತು ವರ್ಷದ ಮೇಲಾಯಿತು. ಆ ಸುಳ್ಳಿನಿಂದ ನನ್ನ ಗಂಡ ಓಡುವುದನ್ನು ಬಿಟ್ಟರು. ಅವರ ಗೆಳೆಯನೊಬ್ಬ ತುಂಬಿದ ಮೈದಾನದಲ್ಲಿ ನಗೆಪಾಟಲಾದ. ನಾನು ಮಾತ್ರ ಸುಖವಾಗಿದ್ದೆ.

ಮೊನ್ನೆ ಮುಂಜಾನೆ ಪಡಸಾಲೆಯಲ್ಲಿ ಪುಂಡಿಪಲ್ಯದ ಸೊಪ್ಪು ಸೋಸುತ್ತ ಕೂತಿದ್ದೆ. ಒಳಗೆ ನಮ್ಮ ಮನೆಯವರ ಮಗ್ಗ ಬಡಿಯುತ್ತಿತ್ತು. ಇಳಕಲ್ಲಿನಲ್ಲಿ ನಮ್ಮ ಓಣಿಯ ತುಂಬ ಅದೇ ಸದ್ದು, ಆದರೂ ನಮ್ಮ ಮನೆಯದು ನನಗೆ ಬೇರೆಯಾಗಿಯೇ ಕೇಳುತ್ತದೆ. ಆಗ ಬಟ್ಟೆ ಹೊಲಿಯುವ ಸಿಂಪಿ ಹುಸೇನಸಾಬರು ಬಾಗಿಲಿಗೆ ಬಂದರು. ನಮ್ಮವರ ಬಾಲ್ಯದ ಗೆಳೆಯ, ನನ್ನನ್ನು ಅತ್ತಿಗೆಯೆಂದೇ ಎಣಿಸುವವರು.

"ವೈನಿ, ಸಂಗಪ್ಪಣ್ಣ ಒಳಗದಾನೇನು?"

"ಮಗ್ಗದಾಗ ಕುಂತಾರ. ಕರೀಲೇನು?"

"ಬ್ಯಾಡ ಬ್ಯಾಡ, ಎಳಿ ಹರಿದ್ರ ನನ್ನ ಚರ್ಮಾ ಸುಲೀತಾನ. ನೀವ ಹೇಳ್ರಿ. ಬಾಗಲಕೋಟಿ ದೊಡ್ಡ ಆಟದಾಗ ಹಿರೇರ ಓಟ ಮತ್ತ ಹಾಕ್ಯಾರಂತ." ಅಷ್ಟು ಹೇಳಿ ಅವರು ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡರು. "ಸಂಕ್ರಾಂತಿ ಮುಗದ ಐತವಾರ ಐತಿ. ಐತವಾರ ಅಂದ್ರ ನಿಮ್ಮ ಹರಕಿ, ನನಗ ಗೊತ್ತೈತಿ. ದೇವರ ಕೆಲಸಕ್ಕ ನಾ ಅಡ್ಡ ಬರೂದಿಲ್ಲ. ಸುಮ್ಮ ಅವನ ಕಿವಿ ಮ್ಯಾಲೆ ಒಂದ ಮಾತು ಹಾಕ್ರಿ."

ಅವರು ಹೋದರು. ನನ್ನ ಕೈಯಲ್ಲಿ ಪುಂಡಿಯ ದಂಟು ಹಾಗೇ ಉಳಿಯಿತು. ಬೈದು ಹೋಗಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೆ ಅವರು ನನ್ನ ದೇವರಿಗೆ ಮರ್ಯಾದೆ ಕೊಟ್ಟು ಹೋದರು — ಇಲ್ಲದ ಹರಕೆಗೆ.

ನಮ್ಮ ಮನೆಯವರು ಹುಡುಗರಾಗಿದ್ದಾಗಿನಿಂದ ಓಡುತ್ತಿದ್ದರು. ದಿನವಿಡೀ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಟ್ಟು ಕೂರುವ ಮನುಷ್ಯನಿಗೆ ಮುಂಜಾನೆ ಒಂದಿಷ್ಟು ಬಯಲು ಬೇಕಾಗುತ್ತಿತ್ತು, ಅಷ್ಟೆ. ಹುಸೇನಸಾಬರೂ ಅವರೂ ನಸುಕಿನಲ್ಲಿ ಎದ್ದು ಗುಡೂರಿನ ದಾರಿ ಹಿಡಿದು ಓಡಿ, ಬಿಸಿಲೇರುವ ಮೊದಲು ಬೆವರು ಸುರಿಸುತ್ತ ಬರುತ್ತಿದ್ದರು. ಊರವರು ಏಳುವ ಮುಂಚೆ ಮುಗಿದುಹೋಗುತ್ತಿದ್ದುದರಿಂದ ನನಗೂ ಅದರ ತಕರಾರಿರಲಿಲ್ಲ.

ಬಾಗಲಕೋಟೆಯಲ್ಲಿ ಪ್ರತಿ ವರ್ಷ ಸಂಕ್ರಾಂತಿ ಆದ ಮೇಲಿನ ಐತವಾರ ಓಟದ ಪಂದ್ಯಗಳ ದೊಡ್ಡ ಆಟ ನಡೆಯುತ್ತಿತ್ತು. ಪೊಲೀಸಿನವರು, ರೈಲ್ವೆಯವರು, ಮಿಲ್ಲಿನವರು — ಓಡುವುದೇ ನೌಕರಿಯಾದವರು ದೂರ ದೂರದಿಂದ ಬರುತ್ತಿದ್ದರು. ನಮ್ಮವರು ಪ್ರತಿ ವರ್ಷ ನೋಡಲು ಹೋಗುತ್ತಿದ್ದರು. ಒಂದು ವರ್ಷ ಅವರ ತಲೆಯಲ್ಲಿ ಹೊಕ್ಕಿತು: ಐವತ್ತು ದಾಟಿದವರಿಗೂ ಅಲ್ಲಿ ಒಂದು ಓಟ ಇರಬೇಕು.

ಆಟ ನಡೆಸುವ ಕಮಿಟಿಯವರ ಹತ್ತಿರ ಹೋಗಿ ಬಂದ ದಿನ ಅವರು ಊಟಕ್ಕೆ ಕೂತು ಹೇಳಿದ್ದು ನನಗೆ ಇನ್ನೂ ನೆನಪಿದೆ. ಕಮಿಟಿಯ ಹಿರಿಯರು, "ಇದು ನೌಕರಿ ಮ್ಯಾಲೆ ಓಡೋರ ಮೈದಾನ ಸಂಗಪ್ಪನವರ. ಬೇಕಂದ್ರ ಮುಂಜಾನೆ ಮಂದಿ ಬರೂಕಿಂತ ಮದಲ ಓಡಿ ಹೋಗ್ರಿ" ಎಂದರಂತೆ. ಅದಕ್ಕೆ ಇವರು, "ಖಾಲಿ ದಾರ್ಯಾಗ ದಿನಾ ಓಡ್ತೇನ್ರಿ. ಅದಕ್ಕ ಬಾಗಲಕೋಟಿಗೆ ಯಾಕ ಬರಬೇಕು?" ಎಂದು ಕೇಳಿದರಂತೆ. ಅಲ್ಲೇ ನಿಂತಿದ್ದ ಒಬ್ಬ ಹುಡುಗ, ಓಟದ ಮೇಲೆಯೇ ನೌಕರಿ ಸಿಕ್ಕವನು, ನಡುವೆ ಬಾಯಿ ಹಾಕಿದನಂತೆ: "ಕಾಕಾ, ನಾ ಸೋತ್ರ ನನ್ನ ಅನ್ನಕ್ಕ ಕುತ್ತ ಬರ್ತದ. ಮೈ ಕಾಸಿಕೊಂಡು ನಿಂತಿರ್ತೇನಿ. ನಡುವ ನೀವು ಒಂದ ಸುತ್ತು ಹಾಕೂತನಕಾ ನನ್ನ ಮೈ ತಣ್ಣಗಾಗ್ತದಲ್ಲ?"

"ಅಂವ ಹೇಳೂದೂ ಖರೆ ಐತಿ," ಎಂದರು ನಮ್ಮವರು, ರೊಟ್ಟಿ ಮುರಿಯುತ್ತ. "ಅದಕ್ಕ ನಾ ಅಂದೆ, ನಿಮ್ಮ ಓಟದ ನಡುವ ಬ್ಯಾಡಪಾ. ಊಟದ ಬಿಡುವಿಗೆ ಮುಂಚೆ ಕೊಡ್ರಿ. ಆದ್ರ ಮಂದಿ ಇರಬೇಕು, ನೀವು ಓಡೂ ಸುಣ್ಣದ ಗೆರಿನ ನಮಗೂ ಇರಬೇಕು."

ಕಮಿಟಿಯವರು ಕೊನೆಗೆ ಒಪ್ಪಿದರು, ಒಂದು ಮಾತಿನ ಮೇಲೆ: "ಹಾಕಿಸಿದವರು ನೀವು. ಓಡೂ ಮಂದೀನ ಕರಕೊಂಡು ಬರೂ ಜವಾಬ್ದಾರಿ ನಿಮ್ಮದ." ಇವರು ಮಾತು ಕೊಟ್ಟರು. ಹುಸೇನಸಾಬರು ಖುಷಿಯಲ್ಲಿ ಇಬ್ಬರಿಗೂ ನೀಲಿ ಚಡ್ಡಿ ಹೊಲಿದು, ಹಾಳೆಯಲ್ಲಿ ಸುತ್ತಿ ತಂದುಕೊಟ್ಟರು.

ಆ ಚಡ್ಡಿ ನೋಡಿಯೇ ನನಗೆ ಅಂಜಿಕೆ ಹುಟ್ಟಿತು.

ಅದೇ ದಿನಗಳಲ್ಲಿ ನಮ್ಮ ನೀಲಾಗೆ ಬಾಗಲಕೋಟೆಯ ಅರಿವೆ ಅಂಗಡಿಯವರ ಮನೆಯಿಂದ ಲಗ್ನದ ಮಾತು ಬಂದಿತ್ತು. ಇರುವವಳು ಒಬ್ಬಳೇ ಮಗಳು. ಹುಡುಗನ ತಂದೆ ಆ ಆಟಕ್ಕೆ ತಪ್ಪದೆ ಬರುವವರು, ಮುಂದಿನ ಸಾಲಿನಲ್ಲೇ ಕೂರುವವರು ಎಂದು ಕೇಳಿದ್ದೆ. ಅವರ ಕಣ್ಣೆದುರು ಐವತ್ತು ದಾಟಿದ ನನ್ನ ಗಂಡ ತೊಡೆ ಕಾಣುವ ಚಡ್ಡಿ ಹಾಕಿಕೊಂಡು ಏದುಸಿರು ಬಿಡುತ್ತ — ನನಗೆ ಅದನ್ನು ನೆನೆಯಲೂ ಆಗಲಿಲ್ಲ. ಇದರ ಮೇಲೆ ಪಕ್ಕದ ಮನೆಯ ಶರಣವ್ವ ನೀರು ಸೇದುವಾಗ ಎಲ್ಲರೆದುರು, "ಏ ಗಂಗವ್ವ, ಎಲ್ಲಾರ ವಯಸ್ಸು ಮುಂದಕ್ಕ ಹೊಂಟ್ರ ನಿನ್ನ ಗಂಡಂದು ಹಿಂದಕ್ಕ ಓಡಾಕತ್ತೈತೇನ? ಸಂಬಾಳಿಸ್ಕೋ, ಇನ್ನೊಂದ ಸ್ವಲ್ಪ ಓಡಿದ್ರ ತೊಟ್ಟಲದಾಗ ಹಾಕಿ ತೂಗಬೇಕಾದೀತು!" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕೊಡ ಹೊತ್ತು ಮನೆಗೆ ಬರುವಷ್ಟರಲ್ಲಿ ನನ್ನೊಳಗೆ ಸುಳ್ಳು ಹುಟ್ಟಿಬಿಟ್ಟಿತ್ತು.

ನಾವು ಬಸವಣ್ಣನ ಒಕ್ಕಲು. ಮುಂಜಾನೆ ಸ್ನಾನ, ವಿಭೂತಿ, ಅಂಗೈಯಲ್ಲಿ ಲಿಂಗಪೂಜೆ — ನಮ್ಮ ದೇವರ ಕೆಲಸ ಅಷ್ಟೆ. ಹರಕೆ ಹೊರುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ಎಂದೂ ಹೊರದವಳು ಹೊತ್ತಿದ್ದೇನೆಂದರೆ ಅದಕ್ಕೆ ಅವರು ಎದುರಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ನನ್ನ ತಪ್ಪಿನ ಬೇರು ಇಲ್ಲಿದೆ. ಬಾಯಿ ತಪ್ಪಿ ಬಂದ ಮಾತಲ್ಲ ಅದು, ಆರಿಸಿ ಆಡಿದ ಮಾತು.

"ಏನ್ರಿ, ನಾ ಒಂದು ಹರಕಿ ಹೊತ್ತೀನಿ," ಎಂದೆ. "ನೀಲಾನ ಲಗ್ನ ಕೂಡಿ ಬರ್ಲಿ ಅಂತ. ಸಂಕ್ರಾಂತಿ ಆದ ಐತವಾರ ನಾವಿಬ್ಬರೂ ಬದಾಮಿಯಿಂದ ಮಹಾಕೂಟಕ್ಕ ಬರಿಗಾಲಿಲೆ ನಡಕೊಂಡು ಹೋಗಬೇಕು."

ಅವರು ಮಗ್ಗ ನಿಲ್ಲಿಸಿ ನನ್ನ ಮುಖ ನೋಡಿದರು. ಕೇಳಿದ್ದು ಇಷ್ಟೇ: "ಶಿವನ ವಾರ ಸೋಮವಾರ ಅಲ್ಲೇನು? ಐತವಾರ ಯಾಕ ಹೊತ್ತಿ?"

ದೇವರು ನನಗೆ ಬಾಗಿಲು ತೆಗೆದುಕೊಟ್ಟ ಗಳಿಗೆ ಅದು. ಹೌದಲ್ಲ, ತಪ್ಪಿ ಹೇಳಿದೆ, ಸೋಮವಾರ — ಎಂದುಬಿಟ್ಟಿದ್ದರೆ ಸಾಕಿತ್ತು. ಅವರು ಐತವಾರ ಓಡುತ್ತಿದ್ದರು, ಸೋಮವಾರ ನನ್ನ ಜೊತೆ ನಡೆಯುತ್ತಿದ್ದರು. ಆದರೆ ನಾನು ಏನೆಂದೆ?

"ಬಾಯಿಗೆ ಹಂಗ ಬಂತು. ದೇವರ ನುಡಿಸ್ಯಾನ. ತಿದ್ದಾಕ ನಾ ಯಾರು?"

ಅವರು ಎದ್ದರು. ಚಡ್ಡಿಯನ್ನು ಹಾಳೆಯಲ್ಲಿ ಮತ್ತೆ ಸುತ್ತಿ ಟ್ರಂಕಿನಲ್ಲಿಟ್ಟರು.

ಆ ಐತವಾರ ನಾವು ಬದಾಮಿಯ ಗುಡ್ಡ ಹತ್ತಿ ಮಹಾಕೂಟಕ್ಕೆ ನಡೆದೆವು. ಅದೇ ಹೊತ್ತಿಗೆ ಬಾಗಲಕೋಟೆಯಲ್ಲಿ ಹಿರಿಯರ ಓಟ ನಡೆಯಿತು. ಇವರಿಲ್ಲವೆಂದು ಉಳಿದವರೂ ಹಿಂಜರಿದು, ಹುಸೇನಸಾಬರ ಜೊತೆ ಇನ್ನಿಬ್ಬರು ಮಾತ್ರ ಗೆರೆಯ ಮೇಲೆ ನಿಂತರಂತೆ. ಮರುದಿನ ಅವರು ಬಂದು ನಮ್ಮ ಕಟ್ಟೆಯ ಮೇಲೆ ಕೂತು, "ಹಾಕಿಸಿದಾಂವ ಎಲ್ಲಿ ಹೋದಾ ಅಂತ ಕೂಗಿದ್ರು ಸಂಗಪ್ಪಣ್ಣಾ. ಬೈದಿದ್ರ ಚಲೋ ಇತ್ತು. ನಕ್ಕರು" ಎಂದರು. ನಮ್ಮವರು ತಲೆ ತಗ್ಗಿಸಿ, "ಮನ್ಯಾಗ ಹರಕಿ ಇತ್ತೋ ಹುಸೇನ. ತಪ್ಪು ನಂದ" ಎಂದರು. ನಾನು ಒಳಗಿನಿಂದ ಚಹಾ ತಂದುಕೊಟ್ಟೆ. ಅಷ್ಟೇ ಮಾಡಿದ್ದು ನಾನು — ಚಹಾ ಕೊಟ್ಟೆ.

ಮುಂದಿನ ವರ್ಷದಿಂದ ಕಮಿಟಿಯವರು ಆ ಓಟವನ್ನು ತೆಗೆದುಹಾಕಿದರು. 'ಹಿರೇರಿಗೇ ಬ್ಯಾಡಾಗೈತಿ' ಎಂದರಂತೆ. ಅದಾದ ಮೇಲೆ ನಮ್ಮವರು ನಸುಕಿನ ಓಟವನ್ನೂ ಬಿಟ್ಟರು.

ನೀಲಾನ ಲಗ್ನ ಕೂಡಿ ಬಂತು. ನಿಶ್ಚಯದ ದಿನ ಬೀಗರು ನಗುತ್ತ, "ನೀವು ಓಡ್ತೀರಿ ಅಂತ ಕೇಳಿ ನಿಮ್ಮನ್ನ ನೋಡಾಕಂತ ಮುಂದಿನ ಸಾಲಿನಾಗ ಕುಂತಿದ್ದೆ, ಬರಲೇ ಇಲ್ಲಲ್ಲ!" ಎಂದರು. ಹೋಳಿಗೆ ಬಡಿಸುತ್ತಿದ್ದ ನಾನು ಅವರ ಎಲೆಗೆ ಇನ್ನೊಂದು ಹಾಕಿದೆ. ಯಾರಿಗೆ ಅಂಜಿ ನಾನು ಸುಳ್ಳು ಹೇಳಿದೆನೋ ಅವರೇ...

ಲಗ್ನ ಆಗಿದ್ದು ಹರಕೆಯ ಫಲವೆಂದು ನಮ್ಮವರು ನಂಬಿದರು. ನಂಬಿ, ಪ್ರತಿ ವರ್ಷ ಅದೇ ಐತವಾರ ಹೋಗೋಣ ಎಂದರು. ಹಾಗೆ ಒಂದು ದಿನದ ಸುಳ್ಳು ವರ್ಷ ವರ್ಷದ ನೇಮವಾಯಿತು. ಆ ನೇಮದ ಸೆರಗಿನ ಹಿಂದೆ ಬಾಯಿ ಮುಚ್ಚಿ ನಾನು ಹತ್ತು ವರ್ಷ ಕಳೆದೆ.

ಇನ್ನು ಇದನ್ನು ಹೇಗೆ ಹೇಳಲಿ? ಆ ನಡಿಗೆಗಳು ನನ್ನ ಬಾಳಿನ ಒಳ್ಳೆಯ ದಿನಗಳು. ಮಗ್ಗದ ಮುಂದೆ ಮಾತೇ ಆಡದ ಮನುಷ್ಯ ಆ ಗುಡ್ಡದ ದಾರಿಯಲ್ಲಿ ಬಾಯಿ ತುಂಬ ಮಾತಾಡುತ್ತಿದ್ದರು. ಕಲ್ಲು ತಾಕಿದರೆ ಕೈ ಹಿಡಿಯುತ್ತಿದ್ದರು. ಊರೊಳಗೆ ಎಂದೂ ಹಿಡಿದವರಲ್ಲ. ಮಹಾಕೂಟದ ಹೊಂಡದ ತಣ್ಣೀರಿನಲ್ಲಿ ಕಾಲಿಳಿಬಿಟ್ಟು, ಗುಡಿಯ ಮುಂದೆ ಬುಟ್ಟಿ ಇಟ್ಟು ಕೂತವಳ ಹತ್ತಿರ ರೊಟ್ಟಿ, ಗಡಿಗೆಯ ಮೊಸರು ಕೊಂಡು ಉಣ್ಣುತ್ತಿದ್ದೆವು. ಅದೆಲ್ಲಕ್ಕೂ ಶಿವನಿಗೆ ಕೈ ಮುಗಿಯುತ್ತೇನೆ. ಅದು ಕದ್ದ ಹಾಲಿನ ರುಚಿಗೆ ದೇವರನ್ನು ಹೊಗಳಿದ ಹಾಗೆ.

ಒಂದು ವರ್ಷ ಗುಡ್ಡದ ಮೇಲಿನ ಬಂಡೆಯ ಬಯಲಿನಲ್ಲಿ ನಾನು ಹಿಂದೆ ಬಿದ್ದಿದ್ದೆ. ತಿರುವು ದಾಟಿ ನೋಡಿದರೆ ಅವರು ಓಡುತ್ತಿದ್ದರು. ಬರಿಗಾಲಿನಲ್ಲಿ, ಧೋತರ ಮೇಲೆ ಕಟ್ಟಿ, ಎದೆ ಮುಂದೆ ಮಾಡಿ, ಯಾವುದೋ ಕಾಣದ ಗೆರೆಯ ಕಡೆಗೆ. ಅವರು ಓಡುವುದನ್ನು ಹಗಲ ಬೆಳಕಿನಲ್ಲಿ ನಾನು ನೋಡಿದ್ದು ಅದೊಂದೇ ಸಲ. ಎಷ್ಟು ಚಂದ ಇತ್ತು! ನಾಚುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ನನ್ನನ್ನು ಕಂಡದ್ದೇ ತಡ, ಕಳ್ಳ ಸಿಕ್ಕಿಬಿದ್ದಂತೆ ನಿಂತು ಧೋತರ ಇಳಿಬಿಟ್ಟರು. "ಹರಕಿ ನಡಿಗೀದು, ಓಡಬಾರದು," ಎಂದರು, ನನಗೇ ತಪ್ಪು ಒಪ್ಪಿಸಿದಂತೆ.

ಅವತ್ತಾದರೂ ಹೇಳಬೇಕಿತ್ತು.

ಹಿರಿಯರ ಓಟ ಅಂಥ ಮೈದಾನದಲ್ಲಿ ಇರಬೇಕೋ ಬೇಡವೋ ಹೇಳಲು ನಾನು ಓದಿದವಳಲ್ಲ. ಆ ಹುಡುಗನ ಮೈ ತಣ್ಣಗಾಗುವ ಮಾತು ನನಗೂ ಸರಿಯೆನಿಸುತ್ತದೆ. ಅನ್ನದ ಮಾತು ಅದು. ಆದರೆ ಗುಡಿಯಲ್ಲಿ ಮುದುಕರಿಗೆ ಬೇರೆ ಮಂಗಳಾರತಿ ಇಲ್ಲ. ನಡೆಯಲಾರದವರೂ ಅದೇ ಸಾಲಿನಲ್ಲಿ ನಿಲ್ಲುತ್ತಾರೆ, ಹಿಂದಿನವರು ಒಂದಿಷ್ಟು ತಾಳುತ್ತಾರೆ. ನಮ್ಮವರು ಕೇಳಿದ್ದು ಅಷ್ಟೇ ತಾಳ್ಮೆ. ಕಮಿಟಿಯವರು ಅದನ್ನು ಕೊಟ್ಟಿದ್ದರು. ಕೊಡದವಳು ನಾನು.

ಮೊನ್ನೆ ಹುಸೇನಸಾಬರು ಹೋದ ಮೇಲೆ ಸೊಪ್ಪಿನ ಬುಟ್ಟಿ ಸರಿಸಿ ಎದ್ದೆ. ಮಗ್ಗದ ಕುಣಿಯ ಹತ್ತಿರ ಹೋಗಿ ನಿಂತು, "ಆ ಹರಕಿ ನಾ ಹೊತ್ತಿದ್ದಿಲ್ಲರಿ," ಎಂದೆ. "ಬೀಗರು ನಗ್ತಾರಂತ ಅಂಜಿ ಸುಳ್ಳ ಹೇಳಿದೆ. ಬಾಗಲಕೋಟ್ಯಾಗ ಮತ್ತ ಹಿರೇರ ಓಟ ಹಾಕ್ಯಾರಂತ. ಹುಸೇನಣ್ಣಾರು ಹೇಳಿ ಹೋದ್ರು."

ಲಾಳಿ ಅವರ ಕೈಯಲ್ಲೇ ಉಳಿಯಿತು. ಆಮೇಲೆ, "ಇಷ್ಟು ವರ್ಷ ಗುಡ್ಡಾ ಹತ್ತಿ ನಡದದ್ದು?" ಎಂದರು.

"ನಡದದ್ದು ಖರೆ."

"ಹುಸೇನಗ ಹೇಳೀಯೇನು?"

"ಇಲ್ಲ."

"ಮದಲ ಅವಗ ಹೇಳಬೇಕಿತ್ತು," ಎಂದರು. ದನಿ ಏರಿಸಲಿಲ್ಲ. "ಮಂದಿ ನಕ್ಕದ್ದು ಅವನ್ನ ನೋಡಿ. ನಾ ಗುಡ್ಡದಾಗ ಆರಾಮ ಇದ್ದೆ."

ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವರು ಎಡ ಮೊಣಕಾಲನ್ನು ಸವರುತ್ತ, "ಈ ಕಾಲು ಇನ್ನ ಓಡೂದಿಲ್ಲ ಗಂಗಾ. ಹುಸೇನ ಓಡ್ತಾನ. ನಾ ಗೆರಿ ಹತ್ರ ನಿಂದರ್ತೇನಿ. ಐತವಾರ ಬಾಗಲಕೋಟಿ," ಎಂದು, ಮಗ್ಗದ ಕಡೆ ತಿರುಗಿ, "ಸೋಮವಾರ ಮಹಾಕೂಟ" ಎಂದರು.

ಮತ್ತೆ ಲಾಳಿ ಓಡಿಸತೊಡಗಿದರು. ಅವರು ಕ್ಷಮಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳುವ ಅಧಿಕಾರವೂ ಇಲ್ಲ. ಓಡಬಹುದಾಗಿದ್ದ ಅವರ ವರ್ಷಗಳನ್ನು ನಾನು ಯಾವ ಹರಕೆ ಹೊತ್ತರೂ ಹಿಂದಕ್ಕೆ ಕೊಡಲಾರೆ. ಆದರೆ ಆ ಮಧ್ಯಾಹ್ನ ಅವರು ನನ್ನ ಕೈಯ ಊಟ ಬೇಡವೆನ್ನಲಿಲ್ಲ. ಅದನ್ನು ನನ್ನ ದೇವರ ದಯೆಗಳ ಜೊತೆ ಎಣಿಸಿಕೊಂಡಿದ್ದೇನೆ.

ಸಂಜೆ ಹುಸೇನಸಾಬರ ಅಂಗಡಿಗೆ ಹೋಗಿ ಅವರೆದುರು ನಿಂತು ಇದೇ ಮಾತು ಹೇಳಿದೆ. ಅವರು ಕತ್ತರಿ ಕೆಳಗಿಟ್ಟು, ಮುಂದಿದ್ದ ಬಟ್ಟೆ ಮಡಚಿದರು. ಕೊನೆಗೆ, "ಐತವಾರ ಮಂದಿ ನಡುವ ನಿಂತು ನಮಗ ಚಪ್ಪಾಳಿ ಹೊಡೀರಿ ವೈನಿ. ಜೋರ ಹೊಡೀರಿ," ಎಂದರು. ಆಗಲಿ ಎಂದೆ. ಈ ಮಾತನ್ನು ತಪ್ಪುವುದಿಲ್ಲ.

ಮನೆಗೆ ಬಂದು ದೀಪ ಹಚ್ಚಿ, ಮುಂಜಾನೆ ಅರ್ಧಕ್ಕೆ ಬಿಟ್ಟಿದ್ದ ಪುಂಡಿಪಲ್ಯದ ಬುಟ್ಟಿ ಎಳೆದುಕೊಂಡೆ. ಎಲೆ ಬಾಡಿತ್ತು, ಕೆಟ್ಟಿರಲಿಲ್ಲ. ಪಲ್ಯಕ್ಕೆ ಹಾಕುವ ಜೋಳದ ನುಚ್ಚು ತೊಳೆದು ಒಲೆಯ ಮೇಲಿಟ್ಟೆ.