ಟರ್ಕಿ ಗರಿಯ ಅಂಬು

ಬನ್ನಿ ಹಬ್ಬದ ಸಂಜೆ ಗುಡಿಯ ಮುಂದೆ ನೆಟ್ಟ ಬಾಳೆಗೆ ಅಂಬು ಹೊಡೆಯುವುದು ನನ್ನ ಸೋದರಮಾವನ ಮನೆತನದ ಹಕ್ಕು. ಊರು ಅಗಡಿಯ ಆಚೆ. ಹಿಂದೆ ಬೇಟೆಯಾಡುತ್ತಿದ್ದ ಮನೆತನ. ಈಗ ವರ್ಷಕ್ಕೊಂದು ಬಾಳೆಗಿಡ. ಹೋದ ವರ್ಷ ಮಾವ ಹೊಡೆದ ಅಂಬು ನಡುದಾರಿಯಲ್ಲಿ ಬಾಲ ಅಲ್ಲಾಡಿಸಿ, ಬಾಳೆಯನ್ನು ಬಿಟ್ಟು ಮೈಕಿನವನ ಸ್ಪೀಕರಿಗೆ ನಾಟಿತು. ಭಜನೆ ನಿಂತಿತು. ಮುಂದಿನ ಸಲವೂ ತಪ್ಪಿದರೆ ಬಿಲ್ಲು ಮಾವನ ತಮ್ಮನ ಮನೆಗೆ ಹೋಗಬೇಕೆಂದು ಹಿರಿಯರು ತೀರ್ಮಾನಿಸಿದರು. ಬಿಲ್ಲು ತೂಗುಹಾಕಲು ತಮ್ಮ ಮರುದಿನವೇ ಗೋಡೆಗೆ ಮೊಳೆ ಹೊಡೆದುಕೊಂಡ.

ತಪ್ಪು ಕೈಯದಲ್ಲ, ಕಣ್ಣಿನದಲ್ಲ, ಅಂಬಿನ ಹಿಂದೆ ಕಟ್ಟಿದ ಕೋಳಿಗರಿಯದು ಎಂದು ಮಾವನ ತೀರ್ಪು. ಅದೇ ಕೋಳಿಗರಿಯಲ್ಲಿ ಹತ್ತಾರು ವರ್ಷ ಬಾಳೆಗೆ ಹೊಡೆದದ್ದನ್ನು ಅವರು ಗಣನೆಗೆ ತೆಗೆದುಕೊಳ್ಳಲಿಲ್ಲ.

“ಕೋಳಿಗೆ ತನಗ ಹಾರಾಕ ಬರಂಗಿಲ್ಲ, ಅಂಬ ಏನ ಹಾರಸ್ತೈತಿ?”

ಈ ಸಲ ಹಬ್ಬಕ್ಕೆ ತಿಂಗಳಿರುವಾಗ ಹಾವೇರಿಯಿಂದ ಹೋಗಿ, ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟೆ. ರಾಣೇಬೆನ್ನೂರು ಕಡೆಯ ಒಂದು ಹೊಲದಲ್ಲಿ ಉದುರಿದ ನವಿಲುಗರಿ ಸಿಕ್ಕಿತು. ಮಾವ ಅದನ್ನು ಬಾಗಿಸಿ ನೋಡಿ, “ಮೆರವಣಿಗಿಗೆ ಛಲೋ” ಎಂದು ಅಲ್ಲೇ ಇಟ್ಟರು. ಬ್ಯಾಡಗಿಯಲ್ಲಿ ಟರ್ಕಿ ಕೋಳಿ ಸಾಕಿದ ಸಾಹೇಬರೊಬ್ಬರು ರೆಕ್ಕೆಯ ಉದ್ದ ಗರಿಗಳನ್ನು ಚೀಲದಲ್ಲಿ ಕೂಡಿಟ್ಟಿದ್ದರು.

“ಸಾಹೇಬ್ರ, ಇದಾದ್ರೂ ಹಾರತೈತೇನ್ರಿ?”

“ಹಾರಂಗಿಲ್ರಿ ಯಜಮಾನ್ರ. ಆದರ ಆ ಸುದ್ದಿ ಗರಿಗೆ ಗೊತ್ತಿಲ್ಲ.”

ಮಾವನಿಗೆ ಉತ್ತರ ಹಿಡಿಸಿತು. ಚೀಲ ಸುರುವಿಕೊಂಡು ಕೂತರು. ಅಂಬಿಗೆ ಕಟ್ಟುವ ಮೂರು ಗರಿಗಳೂ ಒಂದೇ ಬದಿಯ ರೆಕ್ಕೆಯವಾಗಿರಬೇಕು. ಎಡದ್ದೂ ಬಲದ್ದೂ ಬೆರೆತರೆ ಒಂದರ ಬಾಗು ಇನ್ನೊಂದಕ್ಕೆ ಎದುರಾಗಿ, ಅಂಬು ಗಾಳಿಯಲ್ಲೇ ಜಗಳ ತೆಗೆಯುತ್ತದೆ. ಒಂದೊಂದನ್ನೂ ಬೆಳಕಿಗೆ ಹಿಡಿದು, ದಂಟು ಒತ್ತಿ, ಕೆನ್ನೆಗೆ ಸವರಿ ನೋಡಿದರು. ಸಾಹೇಬರು ಎರಡು ಸಲ ಚಹಾ ತರಿಸಿದರು.

“ನನ್ನ ಮಗಳಿಗೆ ವರಾ ನೋಡಾಕೂ ಇಷ್ಟ ಹೊತ್ತು ಹಿಡೀಲಿಲ್ರಿ” ಎಂದರು ಕೊನೆಗೆ.

ಮನೆಗೆ ಬಂದು ಗರಿಗಳನ್ನು ಕತ್ತರಿಸಿ, ಜಾಲಿಯ ಅಂಟು ಹಚ್ಚಿ, ನೂಲು ಸುತ್ತಿದರು. ಹಿತ್ತಲಲ್ಲಿ ಹುಲ್ಲಿನ ಸಿವುಡಿಗೆ ಹೊಡೆದಾಗಲೆಲ್ಲ ಅಂಬು ನೆಟ್ಟಗೆ ಹೋಯಿತು.

ಹಬ್ಬದ ದಿನ ಗುಡಿಗೆ ಹೊರಡುವ ಹೊತ್ತಿಗೆ ಅತ್ತೆ ಅಂಬಿನ ಪೂಜೆಗೆ ಹಿತ್ತಾಳೆ ಕೊಡದ ತುಂಬ ಅರಿಶಿಣದ ನೀರು ತಂದರು. ಮೊದಲೆಲ್ಲ ಈ ಪೂಜೆ ನನ್ನ ಅಜ್ಜಿಯದಾಗಿತ್ತು; ಅವರು ತೀರಿಕೊಂಡ ಮೇಲೆ, ಹೋದ ವರ್ಷದಿಂದ ಅತ್ತೆಯದು. ಅವರು ಅಂಬು ತೆಗೆದುಕೊಂಡು ಗರಿಯ ಕಡೆಯಿಂದ ಕೊಡಕ್ಕೆ ಇಳಿಸಹೊರಟರು.

“ಏನ ಮಾಡಾಕತ್ತಿ?” ಎಂದರು ಮಾವ.

“ಹೋದ ವರ್ಷನೂ ಹಿಂಗ ಪೂರಾ ಮುಳುಗಿಸಿದ್ದೆ. ನಿಮ್ಮವ್ವ ತುದಿಗೆ ಒಂದ ಬೊಟ್ಟ ಇಟ್ಟು ಮುಗಿಸ್ತಿದ್ರು. ದೇವರ ಅಂಬಿಗೆ ಅಷ್ಟ ಸಾಕೇನ್ರಿ?”

ಮಾವ ಕೊಡದ ನೀರನ್ನೂ ಅಂಬಿನ ಗರಿಯನ್ನೂ ನೋಡಿದರು. ವರ್ಷವಿಡೀ ಅವರು ಬೈದದ್ದು ಕೋಳಿಯನ್ನು. ಓಣಿಯ ಹೆಂಗಸರೆಲ್ಲ ಆರತಿ ಹಿಡಿದು ನಿಂತಿದ್ದರು. ಮಾವ ಅಂಬು ಇಸಿದುಕೊಂಡು, ಗರಿಗಳನ್ನು ಮುಷ್ಟಿಯಲ್ಲಿ ಮುಚ್ಚಿ, ಕಬ್ಬಿಣದ ತುದಿಯನ್ನು ಮುಂದೆ ಚಾಚಿದರು.

“ಇಷ್ಟ ಮುಳುಗಸು.”

“ಯಾಕ್ರಿ, ನಿಮ್ಮ ಟರ್ಕಿಗೆ ನೀರಂದ್ರ ಅಂಜಿಕಿ?”

“ಹೌದು.”

ಗುಡಿಯ ಮುಂದೆ ಅಂಬು ಬಾಳೆಯ ನಟ್ಟನಡುವೆ ನಾಟಿತು. ಮೈಕಿನವನು ಅಡಗಿದಲ್ಲಿಂದ ಎದ್ದು ಬಂದ. ಮಾವನ ತಮ್ಮ ಹೋಗಿ ಅಂಬು ಕಿತ್ತು ತಂದು, ತಿರುವಿ ತಿರುವಿ ನೋಡಿದ.

“ಯಾವ ಗರಿ ಹಾಕೀದಿ ಅಣ್ಣಾ?”

“ಒಣಾ ಗರಿ” ಎಂದರು ಮಾವ.